ಬೆಟಗೇರಿಯ ಮೇಲಿನ ಖೋಲಿ: ಕಾದ ಸ್ಲ್ಯಾಬ್ ತಣಿಸಿದ ಬಗೆ

ನನ್ನ ತವರುಮನೆ ಗದಗ-ಬೆಟಗೇರಿಯಲ್ಲಿದೆ. ಕೆಳಗೆ ಅಪ್ಪ, ಅವ್ವ ಇರುತ್ತಾರೆ. ಮೇಲೆ ಎರಡು ಖೋಲಿ. ಒಂದರಲ್ಲಿ ಅಣ್ಣ, ವೈನಿ, ಅವರ ನಾಲ್ಕು ವರ್ಷದ ಮಗಳು. ಇನ್ನೊಂದು ಖಾಲಿ. ನಾನು ಧಾರವಾಡದಿಂದ ಹೋದಾಗ ಅಲ್ಲಿ ಮಲಗುತ್ತೇನೆ.

2024ರ ಏಪ್ರಿಲ್ ತಿಂಗಳ ಒಂದು ರಾತ್ರಿ. ಹನ್ನೊಂದು ಗಂಟೆಗೆ ವೈನಿ ಮಗುವನ್ನು ಎತ್ತಿಕೊಂಡು ಕೆಳಗೆ ಬಂದರು. ಮಗುವಿನ ಕುತ್ತಿಗೆ, ಬೆನ್ನಿನ ತುಂಬ ಬೆವರುಸಾಲೆ ಎದ್ದಿತ್ತು. ನಿದ್ದೆಗಣ್ಣಲ್ಲೇ ಪರಚಿಕೊಳ್ಳುತ್ತಿತ್ತು. "ತಲಿ ಮ್ಯಾಲ ರೊಟ್ಟಿ ಹಂಚು ಇಟ್ಟಂಗ ಆಗ್ತದ ನೋಡ ತಂಗಿ. ಫ್ಯಾನ್ ಹಾಕಿದ್ರ ಬಿಸಿ ಗಾಳಿನೇ ಬರ್ತದ" ಅಂದರು. ಅಣ್ಣ ಮಾರನೇ ದಿನವೇ ಏಸಿ ತರಲು ಹೊರಟಿದ್ದ. ನಾನು ಒಂದು ವಾರ ತಡಿ ಅಂದೆ.

ನಾನು ಸಿವಿಲ್ ಡಿಪ್ಲೊಮಾ ಮಾಡಿದವಳು. ಮನೆಗಳ ನಕ್ಷೆ, ಖರ್ಚಿನ ಅಂದಾಜು ಮಾಡುವುದು ನನ್ನ ಕೆಲಸ. ದಿನವೂ ಊರವರ ಮನೆ ನೋಡುವ ನಾನು ನಮ್ಮ ಮನೆಯ ಮಾಳಿಗೆಯನ್ನು, ಅಂದರೆ ಮೇಲ್ಛಾವಣಿಯನ್ನು, ಸರಿಯಾಗಿ ನೋಡಿದ್ದು ಆ ವಾರವೇ. ಅಲ್ಲಿಂದ 2025ರ ಬೇಸಿಗೆವರೆಗೆ ಏನೇನು ಮಾಡಿದೆವು, ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಗದಗ, ಹಾವೇರಿ, ಹುಬ್ಬಳ್ಳಿ ಕಡೆ ಇಂಥ ಸ್ಲ್ಯಾಬಿನ ಕೆಳಗೆ ಮಲಗುವವರು ಬಹಳ ಜನ. ಅವರಿಗೆ ಇದು ಬೇಕಾಗಬಹುದು.

ಮೊದಲು ಏನಿತ್ತು

ನಾನು ಬೆಳೆದದ್ದು ಇದೇ ಜಾಗದಲ್ಲಿದ್ದ ಮಣ್ಣಿನ ಮಾಳಿಗೆ ಮನೆಯಲ್ಲಿ. ತೊಲೆ, ಜಂತಿ, ಹಲಗೆ, ಅದರ ಮೇಲೆ ಒಂದು ಅಡಿಯಷ್ಟು ಮಣ್ಣು. ಪಡಸಾಲೆಯ ನಡುವೆ ಬೆಳಕಿಂಡಿ. ಬೇಸಿಗೆಯ ಮಧ್ಯಾಹ್ನ ಹೊರಗಿನಿಂದ ಒಳಗೆ ಕಾಲಿಟ್ಟರೆ ಕಣ್ಣು ಕತ್ತಲೆ, ಮೈ ತಂಪು. ಆದರೆ ಮಳೆಗಾಲ ಬಂತೆಂದರೆ ಸೋರುವುದು, ಮಣ್ಣು ಉದುರುವುದು, ಇಲಿ ಕಾಟ. ಪ್ರತಿ ವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯುವ ಆಳುಗಳೂ ಸಿಗದಂತಾದರು. ಅಪ್ಪ ಅದನ್ನು ಕೆಡವಿ ಸ್ಲ್ಯಾಬ್ ಮನೆ ಕಟ್ಟಿಸಿದರು. ಮೇಲಿನ ಎರಡು ಖೋಲಿ ಆಮೇಲೆ ಬಂದವು. ಆಗ ಕೈಯಲ್ಲಿ ದುಡ್ಡು ಕಡಿಮೆ ಇತ್ತು. 5 ಇಂಚು ಸ್ಲ್ಯಾಬ್ ಹಾಕಿ ಸುಮ್ನೆ ಬಿಟ್ಟರು. ಮೇಲೆ ಏನೂ ಇಲ್ಲ. ಹತ್ತು ಮಳೆಗಾಲ ಪಾಚಿ ಹಿಡಿದು, ಒಣಗಿ, ಅದು ಕರ್ರಗಾಗಿತ್ತು.

ಒಣ ಮಣ್ಣಿಗೂ ಕಾಂಕ್ರೀಟಿಗೂ ಶಾಖದ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿದೆ. ಒಂದೇ ದಪ್ಪದ ಮಣ್ಣು ಕಾಂಕ್ರೀಟಿನ ಮೂರನೇ ಒಂದು ಭಾಗದಷ್ಟು ಶಾಖವನ್ನು ಮಾತ್ರ ಆಚೆಗೆ ಬಿಡುತ್ತದೆ. ಹಳೆಯ ಮಾಳಿಗೆಯಲ್ಲಿ ಅಂಥ ಮಣ್ಣು ಒಂದು ಅಡಿ ಇತ್ತು. ಈಗಿನ ಕಾಂಕ್ರೀಟ್ 5 ಇಂಚು. ನಾವು ಸೋರುವುದನ್ನು ನಿಲ್ಲಿಸಿದೆವು, ಜೊತೆಗೆ ತಂಪನ್ನೂ ಕಳೆದುಕೊಂಡೆವು.

2023ರಲ್ಲಿ ಅಣ್ಣ ತನ್ನ ಖೋಲಿಗೆ ಫಾಲ್ಸ್ ಸೀಲಿಂಗ್, ಅಂದರೆ ಸ್ಲ್ಯಾಬಿನ ಕೆಳಗೆ ಬೋರ್ಡಿನ ಇನ್ನೊಂದು ಸೂರು, ಹಾಕಿಸಿದ್ದ. ಗುತ್ತಿಗೆದಾರ "ಐದಾರು ಡಿಗ್ರಿ ಇಳೀತದ್ರಿ" ಅಂದಿದ್ದನಂತೆ. 12ಕ್ಕೆ 14 ಅಡಿ ಖೋಲಿ. ದೀಪ, ವೈರಿಂಗ್ ಸೇರಿ 19,000 ರೂಪಾಯಿ. ನೋಡಲು ಚಂದ ಇದೆ. ಆದರೆ ಮಗು ಕೆಳಗೆ ಬಂದ ಆ ರಾತ್ರಿ ಮಲಗಿದ್ದು ಇದೇ ಖೋಲಿಯಲ್ಲಿ.

ಅಳೆದು ನೋಡಿದ್ದು

ಎರಡು ಖೋಲಿಗೆ ಒಂದೇ ಸ್ಲ್ಯಾಬ್, ಒಂದೇ ಅಳತೆ. ಒಂದಕ್ಕೆ ಫಾಲ್ಸ್ ಸೀಲಿಂಗ್ ಇದೆ, ಇನ್ನೊಂದಕ್ಕೆ ಇಲ್ಲ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಎರಡರಲ್ಲೂ ಒಂದೊಂದು ಗೋಡೆ ಥರ್ಮಾಮೀಟರ್ ತೂಗುಹಾಕಿದೆ. ಗೋಡೆಗೆ ತಾಗದಂತೆ, ಮಂಚದ ಎತ್ತರಕ್ಕೆ. ಸ್ಲ್ಯಾಬಿನ ಬಿಸಿ ನೋಡಲು ದೂರದಿಂದಲೇ ಅಳೆಯುವ ಗನ್ ಬೇಕು. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಬರುವುದಿಲ್ಲ. ಅದನ್ನು ಮೈಬಿಸಿ ನೋಡಲೆಂದೇ ಮಾಡಿದ್ದು, ಜ್ವರದ ಮಿತಿ ದಾಟಿದರೆ ಓದುವುದೇ ಇಲ್ಲ. ನಾನು ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಮೋಟಾರಿನ ಬಿಸಿ ನೋಡುವ ಗನ್ ಕೇಳಿ ತಂದೆ.

ಹೊರಗೆ ನೆರಳಲ್ಲಿ 39 ಡಿಗ್ರಿ ಇದ್ದ ದಿನ, ಮಧ್ಯಾಹ್ನ 2 ಗಂಟೆಗೆ ಮಾಳಿಗೆಯ ಮೇಲ್ಮೈ 61 ಡಿಗ್ರಿ ತೋರಿಸಿತು. ಚಪ್ಪಲಿ ಇಲ್ಲದೆ ನಿಲ್ಲಲು ಆಗುವುದಿಲ್ಲ. ಆದರೆ ಅದೇ ಹೊತ್ತಿಗೆ ನನ್ನ ಖೋಲಿಯ ಸೂರು, ಅಂದರೆ ಸ್ಲ್ಯಾಬಿನ ಕೆಳಮೈ, 38 ಮಾತ್ರ. ಬಿಸಿ ಇನ್ನೂ ಕಾಂಕ್ರೀಟಿನ ಒಳಗೇ ಇಳಿಯುತ್ತಿತ್ತು. ಸಂಜೆ 6ಕ್ಕೆ ಸೂರು 44 ಆಯಿತು. ರಾತ್ರಿ 10ಕ್ಕೆ ಹೊರಗೆ 29ಕ್ಕೆ ಇಳಿದು ತಂಗಾಳಿ ಬೀಸುತ್ತಿದ್ದರೂ ಸೂರು ಮಾತ್ರ 41ರಲ್ಲೇ ಇತ್ತು.

ವೈನಿ ಹಂಚು ಅಂದದ್ದು ಸುಳ್ಳಲ್ಲ. ನಮ್ಮ ಚರ್ಮದ ಬಿಸಿ ಸುಮಾರು 33ರಿಂದ 35 ಡಿಗ್ರಿ. ಅದಕ್ಕಿಂತ ಬಿಸಿಯಾದ ಸೂರಿನ ಕೆಳಗೆ ಮಲಗಿದರೆ ಅದರ ಝಳ ನೇರವಾಗಿ ಮೈಗೆ ಹೊಡೆಯುತ್ತದೆ. ನಡುವೆ ಗಾಳಿ ಎಷ್ಟಿದ್ದರೂ ಆ ಝಳ ನಿಲ್ಲುವುದಿಲ್ಲ. ಫ್ಯಾನ್ ಮಾಡುವುದಾದರೂ ಏನು? ಸೂರಿನ ಕೆಳಗೆ ಕಾದು ನಿಂತ ಗಾಳಿಯನ್ನೇ ಎಳೆದು ನಮ್ಮ ಮೇಲೆ ಸುರಿಯುತ್ತದೆ.

ಫಾಲ್ಸ್ ಸೀಲಿಂಗ್ ಇದ್ದ ಖೋಲಿಯಲ್ಲಿ ರಾತ್ರಿ 10ಕ್ಕೆ ಬೋರ್ಡು 38 ತೋರಿಸಿತು. ಹಾಗಾಗಿ ಅದು ಪೂರ್ತಿ ದಂಡ ಅಲ್ಲ, ಮೂರು ಡಿಗ್ರಿ ಝಳ ತಗ್ಗಿಸಿತ್ತು. ಆದರೆ ಮಲಗುವ ಎತ್ತರದಲ್ಲಿ ಗಾಳಿಯ ಬಿಸಿ ಅಲ್ಲಿ 34, ನನ್ನ ಖೋಲಿಯಲ್ಲಿ 35. ಇಷ್ಟಕ್ಕೆ 19,000. ಸ್ಲ್ಯಾಬ್ ಕಾಯುವುದನ್ನು ಅದು ತಡೆದಿರಲಿಲ್ಲ. ಕಾದ ಸ್ಲ್ಯಾಬನ್ನು ಕಣ್ಣಿಗೆ ಕಾಣದಂತೆ ಮುಚ್ಚಿತ್ತು, ಅಷ್ಟೇ. ಬೋರ್ಡಿನ ಮೇಲಿನ ಸಂದಿಯ ಗಾಳಿಗೆ ಹೊರಹೋಗಲು ದಾರಿಯೂ ಇರಲಿಲ್ಲ.

ಅಂಕಿ ತೋರಿಸಿದ ಮೇಲೆ ಅಣ್ಣ ಏಸಿ ಮಾತು ಬಿಟ್ಟ. ಏಸಿ ತಂದಿದ್ದರೂ ಅದು ರಾತ್ರಿಯಿಡೀ ಈ ಸ್ಲ್ಯಾಬಿನ ಜೊತೆ ಗುದ್ದಾಡುತ್ತಿತ್ತು. ಕರೆಂಟ್ ಬಿಲ್ಲು ಕಟ್ಟುವವರು ನಾವು.

ಬಿಸಿಲು ಎಲ್ಲಿಂದ ಬರುತ್ತದೆ

ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ತಿಂಗಳ ಮೊದಲ ದಿನಗಳಲ್ಲಿ ನಡು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿಬಿಡುತ್ತದೆ. ನಮ್ಮ ಬೇಸಿಗೆ ಜೋರಾಗಿರುವ ದಿನಗಳೂ ಅವೇ. ಆಗ ದಕ್ಷಿಣದ ಗೋಡೆಗೆ ಬಿಸಿಲೇ ಬೀಳುವುದಿಲ್ಲ ಅನ್ನಬಹುದು. ಪೂರ್ವ, ಪಶ್ಚಿಮದ ಗೋಡೆಗೆ ಅರ್ಧ ದಿನ ಬೀಳುತ್ತದೆ. ಮಾಳಿಗೆಗೆ ಬೆಳಗಿನಿಂದ ಸಂಜೆವರೆಗೆ. ಒಂದು ಅಂತಸ್ತಿನ ಮನೆ, ಇಲ್ಲವೇ ಮೇಲಿನ ಅಂತಸ್ತು, ಹೆಚ್ಚಿನ ಬಿಸಿ ಕುಡಿಯುವುದು ಮಾಳಿಗೆಯಿಂದಲೇ. ಅದಕ್ಕೇ ನಮ್ಮ ಕಡೆ ಗೋಡೆಗಿಂತ ಮೊದಲು ಮಾಳಿಗೆ ನೋಡಬೇಕು, ಅದೂ ಹೊರಗಡೆಯಿಂದ. ಬಿಸಿಲು ಕಾಂಕ್ರೀಟಿಗೆ ಮುಟ್ಟುವ ಮೊದಲೇ ತಡೆದರೆ ಒಳಗೆ ಮಾಡುವ ಕೆಲಸವೇ ಕಡಿಮೆಯಾಗುತ್ತದೆ.

ದಾರಿಗಳು ಹಲವಿದ್ದವು. ಅವ್ವ ಅಂದಳು, "ಸಂಜಿಮುಂದ ಎರಡ್ ಕೊಡ ನೀರ ಹೊಡದ್ರಾತು." ಕಾದ ಸ್ಲ್ಯಾಬ್ ಆ ನೀರನ್ನು ಹತ್ತು ನಿಮಿಷದಲ್ಲಿ ಕುಡಿದುಬಿಡುತ್ತದೆ. ನಿಜಕ್ಕೂ ತಣಿಯಬೇಕಾದರೆ ದಿನವೂ ನೂರಾರು ಲೀಟರ್ ಬೇಕು. ನಲ್ಲಿ ನೀರು ದಿನಾ ಬಾರದ ಊರಲ್ಲಿ, ಕುಡಿಯುವ ನೀರನ್ನು ಮಾಳಿಗೆಗೆ ಸುರಿಯಲು ನನ್ನ ಮನಸ್ಸು ಒಪ್ಪಲಿಲ್ಲ. ಹಸಿರು ನೆಟ್ ಕಟ್ಟುವುದು ಅಗ್ಗ. ನೆರಳು ಚೆನ್ನಾಗಿ ಬೀಳುತ್ತದೆ. ಆದರೆ ನಮ್ಮಲ್ಲಿ ಮೇ ತಿಂಗಳ ಸಂಜೆ ಗಾಳಿ ಹೇಗೆ ಬೀಸುತ್ತದೆಂದು ಗದಗಿನವರಿಗೆ ಹೇಳಬೇಕಾಗಿಲ್ಲ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಸುಮ್ನೆ ಅಲ್ಲ. ಪಕ್ಕದ ಮನೆಯವರ ನೆಟ್ ಒಂದೇ ಮಳೆಗಾಳಿಗೆ ಹರಿದು ಕರೆಂಟ್ ವೈರಿಗೆ ಸುತ್ತಿಕೊಂಡದ್ದನ್ನು ನಾವೇ ನೋಡಿದ್ದೆವು. ಮಡಕೆ ಬೋರಲು ಹಾಕಿ ಮೇಲೆ ಗಾರೆ ಹಾಕುವ ಹಳೆಯ ಪದ್ಧತಿ ನನಗೆ ಇಷ್ಟ. ಮಡಕೆಯೊಳಗೆ ನಿಂತ ಗಾಳಿ ಶಾಖ ತಡೆಯುತ್ತದೆ. ಆದರೆ ಅದರ ಭಾರ ಜಾಸ್ತಿ, ಒಂದು ಮಡಕೆ ಒಡೆದರೂ ನೀರು ಎಲ್ಲಿ ಇಳಿಯಿತೆಂದು ಹುಡುಕುವುದು ಕಷ್ಟ.

ಕೊನೆಗೆ ಎರಡು ಹಂತ ಮಾಡಿಕೊಂಡೆವು. ತಕ್ಷಣಕ್ಕೆ ಇಡೀ ಮಾಳಿಗೆಗೆ ಬಿಳಿ ಸುಣ್ಣ. ಮಳೆಗಾಲ ಮುಗಿದ ಮೇಲೆ ಅಣ್ಣನ ಖೋಲಿಯ ಮೇಲೆ ಮಾತ್ರ ಶಾಖ ತಡೆಯುವ ಫೋಮ್ ಬೋರ್ಡು.

ಸುಣ್ಣ

ಉಗಾದಿಗೆ, ದಸರೆಗೆ ನಾವು ಗೋಡೆಗೆ ಸುಣ್ಣ ಬಳಿಯುತ್ತೇವೆ. ಮಾಳಿಗೆಗೆ ಬಳಿಯುವುದು ರೂಢಿಯಲ್ಲಿಲ್ಲ. ಗೌಂಡಿ ಕಾಕಾ ಕೇಳಿದರು, "ಮಾಳಿಗಿ ಮ್ಯಾಲ ಯಾರ್ ನೋಡಾಕ ಬರ್ತಾರವಾ?" ಸೂರ್ಯ ನೋಡ್ತಾನ್ರಿ ಕಾಕಾ ಅಂದೆ. ಅವರಿಗೆ ಅದು ಸರಿಯೆನಿಸಿತು.

ಮೊದಲು ತಂತಿ ಬ್ರಷ್‌ನಿಂದ ಪಾಚಿಯನ್ನೆಲ್ಲ ಕೆರೆದು ತೊಳೆದೆವು. ಈ ಕೆಲಸಕ್ಕೇ ಒಂದು ದಿನ ಬೇಕಾಯಿತು. ಇದನ್ನು ಬಿಟ್ಟರೆ ಸುಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ಬಿರುಕುಗಳನ್ನು ತುಂಬಿದೆವು. ಕಲ್ಲುಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ, ಕುದಿದು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಬಿಳಿ ಸಿಮೆಂಟ್ ಮತ್ತು ಅಂಟು ಬೆರೆಸಿದೆವು. ಮೂರು ಕೈ ಬಳಿದೆವು. ಒಂದು ಕೈ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಬಿಸಿಲು ಇಳಿದ ಮೇಲೆ, ಮಾಳಿಗೆಗೆ ನೀರು ಚಿಮುಕಿಸಿಯೇ ಬಳಿಯಬೇಕು. ಸುಡುವ ಸ್ಲ್ಯಾಬಿಗೆ ಬಳಿದರೆ ಸುಣ್ಣ ಹಿಡಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಕೊಳ್ಳದೆ ಸುಣ್ಣ ಮುಟ್ಟಬೇಡಿ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

620 ಚದರ ಅಡಿ ಮಾಳಿಗೆಗೆ ಸಾಮಾನು, ಕೂಲಿ ಸೇರಿ 4,400 ರೂಪಾಯಿ ಆಯಿತು.

ಮೇ ಮೊದಲ ವಾರ, ಹೊರಗೆ ಮತ್ತೆ 39 ಇದ್ದ ದಿನ ಗನ್ ಹಿಡಿದೆ. ಮಧ್ಯಾಹ್ನ 2ಕ್ಕೆ ಮಾಳಿಗೆ 45. ಹಿಂದೆ 61 ಇದ್ದದ್ದು! ಸಂಜೆ 6ಕ್ಕೆ ನನ್ನ ಖೋಲಿಯ ಸೂರು 44ರಿಂದ 38ಕ್ಕೆ ಇಳಿದಿತ್ತು. ರಾತ್ರಿ 10ಕ್ಕೆ ಗಾಳಿಯ ಬಿಸಿ 35ರ ಬದಲು 32. ನಾಲ್ಕು ಸಾವಿರದ ಸುಣ್ಣ ಹತ್ತೊಂಬತ್ತು ಸಾವಿರದ ಬೋರ್ಡಿಗಿಂತ ಮೂರು ಪಟ್ಟು ಕೆಲಸ ಮಾಡಿತ್ತು. ಪಕ್ಕದ ತೆಲಂಗಾಣ 2023ರಲ್ಲಿ ಇಂಥ ತಂಪು ಮಾಳಿಗೆಗಳಿಗೆಂದೇ ಒಂದು ನೀತಿ ತಂದಿದೆ. ಬಿಸಿಲಿನ ಹೊಡೆತ ನಮ್ಮ ಬಯಲುಸೀಮೆಗೇನೂ ಕಡಿಮೆ ಇಲ್ಲ. ನಮ್ಮಲ್ಲೂ ಅಂಥದ್ದು ಬರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಬಿಳಿ ಬಣ್ಣದ ತೊಂದರೆಗಳನ್ನೂ ಹೇಳಬೇಕು. ಎರೆಭೂಮಿಯ ಧೂಳು ಅದರ ಮೇಲೆ ಕೂರುತ್ತದೆ. ಧೂಳು ಕೂತಷ್ಟೂ ಬಿಸಿಲು ಹಿಂದಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಒಂದು ಮಳೆಗಾಲ ಕಳೆದರೆ ಸುಣ್ಣ ಅಲ್ಲಲ್ಲಿ ಹೋಗುತ್ತದೆ, ಶಿವರಾತ್ರಿಯ ಹೊತ್ತಿಗೆ ಮತ್ತೆ ಒಂದೆರಡು ಕೈ ಬಳಿಯಬೇಕು. ಮಳೆ ನೀರನ್ನು ಸಂಪಿಗೆ ಬಿಡುವವರು ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಬೇಕು. ಎದುರು ಮನೆಯ ಎರಡನೇ ಅಂತಸ್ತಿನವರು ಕಣ್ಣಿಗೆ ಹೊಡೆಯುತ್ತದೆ ಅಂದರು. ಅವರ ಮಾತೂ ಸರಿ. ಆ ಕಡೆಯ ಪ್ಯಾರಾಪೆಟ್‌ಗೆ, ಅಂದರೆ ಮಾಳಿಗೆಯ ಅಂಚಿನ ಗಿಡ್ಡ ಗೋಡೆಗೆ, ತಿಳಿ ಬೂದು ಬಳಿದೆವು, ಮಾಳಿಗೆ ಮಾತ್ರ ಬಿಳಿಯಾಗಿಯೇ ಉಳಿಯಿತು.

ಕಿಟಕಿಯ ವಿಷಯ

ಸುಣ್ಣ ಬಳಿದ ಮೇಲೂ ಅಣ್ಣನ ಖೋಲಿ ಬೆಳಗಿನ ಜಾವದವರೆಗೆ 31ರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಹೊರಗೆ 24 ಇರುತ್ತಿತ್ತು. ನನ್ನ ಖೋಲಿ 28ಕ್ಕೆ ಬರುತ್ತಿತ್ತು. ಎರಡು ದಿನ ಇದು ನನಗೆ ಅರ್ಥವಾಗಲಿಲ್ಲ. ಫಾಲ್ಸ್ ಸೀಲಿಂಗ್ ಇರುವ ಖೋಲಿ ಹೆಚ್ಚು ತಂಪಾಗಿರಬೇಕಿತ್ತು ಅಲ್ವಾ?

ಕಾರಣ ಸೊಳ್ಳೆ. ಮಗು ಇದೆಯೆಂದು ವೈನಿ ಸಂಜೆ 6ಕ್ಕೇ ಕಿಟಕಿ ಮುಚ್ಚುತ್ತಿದ್ದರು. ಬೆಳಿಗ್ಗೆ 9ಕ್ಕೆ ತೆರೆಯುತ್ತಿದ್ದರು. ಅಂದರೆ ಹೊರಗೆ ತಂಪಿದ್ದ ಹೊತ್ತೆಲ್ಲ ಮುಚ್ಚಿದ್ದು, ಬಿಸಿ ಗಾಳಿ ಬೀಸುವ ಹೊತ್ತೆಲ್ಲ ತೆರೆದದ್ದು. ನಾನಂತೂ ಕಿಟಕಿ ತೆರೆದೇ ಮಲಗುತ್ತಿದ್ದೆ.

ನಮ್ಮ ಊರಿಗೆ ಒಂದು ವರವಿದೆ. ಕರಾವಳಿಯ ಹಾಗೆ ಇಲ್ಲಿ ರಾತ್ರಿಯೂ ಬೇಯುವುದಿಲ್ಲ. ಏಪ್ರಿಲ್‌ನಲ್ಲೂ ಹಗಲಿಗೂ ರಾತ್ರಿಗೂ ಹದಿಮೂರು ಹದಿನಾಲ್ಕು ಡಿಗ್ರಿ ಅಂತರ ಇರುತ್ತದೆ. ರಾತ್ರಿಯ ಆ ಗಾಳಿಯನ್ನು ಮನೆಯೊಳಗೆ ಆಡಿಸಿದರೆ ಗೋಡೆ, ನೆಲ, ಮಂಚ ಎಲ್ಲ ತಣಿಯುತ್ತವೆ. ಬೆಳಿಗ್ಗೆ ಬಾಗಿಲು ಹಾಕಿಕೊಂಡರೆ ಆ ತಂಪು ಮಧ್ಯಾಹ್ನದವರೆಗೆ ಉಳಿಯುತ್ತದೆ. ಶಾಖ ತಡೆಯುವ ಪದರ ಹಾಕಿದ ಮನೆಗೆ ಇದು ಇನ್ನೂ ಮುಖ್ಯ. ಹೊರಗಿನ ಬಿಸಿ ಒಳಗೆ ಬರದಂತೆ ತಡೆಯುವ ಪದರ, ಒಳಗೆ ಸೇರಿದ ಬಿಸಿಯನ್ನು ಹೊರಗೂ ಬಿಡುವುದಿಲ್ಲ. ಅಡುಗೆ, ಟಿವಿ, ಮೂರು ಜನರ ಮೈಬಿಸಿ, ಎಲ್ಲ ಅಲ್ಲೇ ನಿಲ್ಲುತ್ತದೆ.

ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸಿದೆವು. ಮೆಟ್ಟಿಲಿನ ಮೇಲಿನ ಬಾಗಿಲಿಗೆ ಕಬ್ಬಿಣದ ಗ್ರಿಲ್ ಬಾಗಿಲು, ಅದಕ್ಕೂ ಜಾಲರಿ. ಈಗ ರಾತ್ರಿ ಕೆಳಗಿನ ಕಿಟಕಿಯಿಂದ ಬಂದ ಗಾಳಿ ಮೆಟ್ಟಿಲ ಮೇಲಿನಿಂದ ಹೊರಹೋಗುತ್ತದೆ. ಹಳೆಯ ಮನೆಯ ಬೆಳಕಿಂಡಿ ಮಾಡುತ್ತಿದ್ದ ಕೆಲಸವೇ ಇದು. ಅಪ್ಪ ನೋಡಿದ ತಕ್ಷಣ ಅದನ್ನೇ ಹೇಳಿದರು. ಕಳ್ಳರ ಭಯವಿದ್ದರೆ ಗ್ರಿಲ್ ಇಲ್ಲದೆ ಇದನ್ನು ಮಾಡಬೇಡಿ.

ಫೋಮ್

ನವೆಂಬರ್ ಕೊನೆಗೆ ಎರಡನೇ ಹಂತ ಹಿಡಿದೆವು. ಸ್ಲ್ಯಾಬಿನ ಮೇಲೆ 2 ಇಂಚು ದಪ್ಪದ ಎಕ್ಸ್‌ಪಿಎಸ್ ಬೋರ್ಡು. ಇದು ಥರ್ಮಾಕೋಲ್‌ನ ಸಂಬಂಧಿ, ಆದರೆ ಗಟ್ಟಿ, ನೀರು ಕುಡಿಯುವುದು ಬಹಳ ಕಡಿಮೆ. ನೀರು ಕುಡಿದ ಫೋಮ್ ಶಾಖ ತಡೆಯುವುದಿಲ್ಲ, ಹಾಗಾಗಿ ಮಾಳಿಗೆಗೆ ಇದೇ ಸರಿ. 2 ಇಂಚು ಎಕ್ಸ್‌ಪಿಎಸ್ ತಡೆಯುವಷ್ಟು ಶಾಖವನ್ನು ಬರೀ ಕಾಂಕ್ರೀಟಿನಿಂದ ತಡೆಯಬೇಕೆಂದರೆ ಏಳೆಂಟು ಅಡಿ ದಪ್ಪ ಬೇಕು. ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ಇಕೊ ನಿವಾಸ ಸಂಹಿತಾ ಎಂಬ ನಿಯಮಾವಳಿ ಮಾಳಿಗೆಯಿಂದ ಶಾಖ ಇಳಿಯುವುದಕ್ಕೆ ಒಂದು ಮಿತಿ ಇಟ್ಟಿದೆ. ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್. ನಮ್ಮ ಬರಿ ಸ್ಲ್ಯಾಬಿನ ಲೆಕ್ಕ ಹಾಕಿದಾಗ 3.3 ಬಂತು. ಫೋಮ್ ಸೇರಿಸಿದರೆ 0.6ರ ಒಳಗೆ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಭಾರದ ಬಗ್ಗೆ. ಫೋಮ್ ಹಗುರ. ಆದರೆ ಅದರ ಮೇಲೆ ಕಾಂಕ್ರೀಟ್ ಪದರ, ಟೈಲ್ಸ್ ಚೂರು ಬರಬೇಕು. ಎರಡೂವರೆ ಇಂಚಿಗೆ ಚದರ ಮೀಟರಿಗೆ ಸುಮಾರು 140 ಕೆಜಿ. ನಮ್ಮ ಸ್ಲ್ಯಾಬ್ ನಕ್ಷೆಯನ್ನು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ, ಕಬ್ಬಿಣದ ಲೆಕ್ಕ ಮಾಡಿಸಿ, ಅವರು ಸರಿ ಅಂದ ಮೇಲೆಯೇ ಕೈ ಹಾಕಿದೆವು. ಹಳೆಯ ಸ್ಲ್ಯಾಬ್ ಇರುವವರು ಈ ಹೆಜ್ಜೆ ಬಿಡಲೇಬೇಡಿ. ಸೂರಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಗಿಲಾವು ಉದುರುತ್ತಿದ್ದರೆ ಭಾರ ಹಾಕುವ ಮಾತೇ ಬೇಡ, ಸುಣ್ಣದಲ್ಲೇ ನಿಲ್ಲಿಸಿ.

ಮೊದಲು ನೀರು ಇಳಿಯದಂತೆ ಎರಡು ಕೈ ಲೇಪ. ಸುತ್ತ ಸಣ್ಣ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸಿ ನೋಡಿದೆವು. ಎಲ್ಲೂ ಸೋರಲಿಲ್ಲ. ಆಮೇಲೆ ಬೋರ್ಡುಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಸಂದು ತಪ್ಪಿಸಿ ಜೋಡಿಸಿದರು. ಮೇಲೆ ಪ್ಲಾಸ್ಟಿಕ್ ಹಾಳೆ, ಕೋಳಿ ಜಾಲರಿ, ಸಣ್ಣ ಜಲ್ಲಿಯ ಕಾಂಕ್ರೀಟ್. ನೀರು ಹೋಗುವ ಕಡೆ ಇಳಿಜಾರು. ಅದನ್ನು ಚೌಕಚೌಕವಾಗಿ ಭಾಗ ಮಾಡಿಸಿದೆವು, ಇಲ್ಲವಾದರೆ ಬಿಸಿಲಿಗೆ ಹಿಗ್ಗಿ ಬಿರುಕು ಬಿಡುತ್ತದೆ. ಕೊನೆಗೆ ಬಿಳಿ ಟೈಲ್ಸ್ ಚೂರು. ಟೈಲ್ಸ್ ಅಂಗಡಿಯಲ್ಲಿ ಒಡೆದ ಮಾಲು ಅಗ್ಗಕ್ಕೆ ಸಿಕ್ಕಿತು. ಇದಕ್ಕೆ ಪ್ರತಿ ವರ್ಷ ಸುಣ್ಣ ಬೇಕಿಲ್ಲ, ಕಸಬರಿಗೆ ಹಿಡಿದು ತೊಳೆದರೆ ಸಾಕು. 200 ಚದರ ಅಡಿಗೆ 38,000 ರೂಪಾಯಿ.

ಕೆಲವರು ಈ ಫೋಮನ್ನು ಖೋಲಿಯೊಳಗೆ, ಸೂರಿಗೇ ಅಂಟಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಂಕಿ ತಗುಲಿದರೆ ಅದು ಕರಗಿ ಉರಿದು ವಿಷದ ಹೊಗೆ ಬಿಡುತ್ತದೆ. ಸ್ಲ್ಯಾಬಿನ ಮೇಲೆ, ಕಾಂಕ್ರೀಟಿನ ಅಡಿಯಲ್ಲಿದ್ದರೆ ಆ ಭಯವಿಲ್ಲ.

2025ರ ಬೇಸಿಗೆ

ಏಪ್ರಿಲ್‌ನಲ್ಲಿ ಹೊರಗೆ 38 ಇದ್ದ ದಿನ ಅಳೆದೆ. ಫಾಲ್ಸ್ ಸೀಲಿಂಗಿನ ಒಂದು ದೀಪ ಬಿಚ್ಚಿ, ಆ ತೂತಿನಿಂದ ಸ್ಲ್ಯಾಬಿಗೆ ಗನ್ ಹಿಡಿದೆ. ಸಂಜೆ 6ಕ್ಕೆ 33. ಸುಣ್ಣ ಮಾತ್ರ ಇದ್ದ ನನ್ನ ಖೋಲಿಯಲ್ಲಿ 38. ರಾತ್ರಿ 10ಕ್ಕೆ ಅಣ್ಣನ ಖೋಲಿಯಲ್ಲಿ ಕಿಟಕಿ ತೆರೆದ ಮೇಲೆ ಮಂಚದ ಎತ್ತರದಲ್ಲಿ 30. ಫ್ಯಾನ್ ಗಾಳಿ ಈಗ ಗಾಳಿಯ ಹಾಗೇ ಇದೆ.

ಒಂದು ಕೊರತೆ ಉಳಿದಿದೆ. ಪ್ಯಾರಾಪೆಟ್ ಸೇರುವ ಅಂಚಿನಲ್ಲಿ ಸ್ಲ್ಯಾಬ್ ನಡುಭಾಗಕ್ಕಿಂತ ಎರಡು ಡಿಗ್ರಿ ಜಾಸ್ತಿ ತೋರಿಸುತ್ತದೆ. ಫೋಮ್ ಅಲ್ಲಿಗೆ ಮುಗಿಯುತ್ತದೆ, ಆದರೆ ಬಿಸಿಲಲ್ಲಿ ನಿಂತ ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ನೇರ ಅಂಟಿಕೊಂಡಿದೆ. ಬಿಸಿ ಆ ದಾರಿಯಿಂದ ಇಳಿಯುತ್ತದೆ. ಫೋಮನ್ನು ಪ್ಯಾರಾಪೆಟ್ಟಿನ ಒಳಮೈಗೆ ಒಂದು ಅಡಿ ಎತ್ತರಕ್ಕೆ ಹತ್ತಿಸಿದ್ದರೆ ಇದು ತಪ್ಪುತ್ತಿತ್ತು. ಮುಂದಿನ ಸಲ ಹಾಗೇ ಮಾಡಿಸುತ್ತೇನೆ.

ಪಶ್ಚಿಮದ ಕಿಟಕಿಗೆ ಒಳಗೆ ದಪ್ಪ ಪರದೆ ಇತ್ತು. ಅದನ್ನು ತೆಗೆದು ಹೊರಗೆ ಬಿದಿರಿನ ತಟ್ಟಿ ಕಟ್ಟಿದೆವು. ಬಿಸಿಲು ಗಾಜು ದಾಟಿ ಬಂದ ಮೇಲೆ ಪರದೆ ಏನು ಮಾಡೀತು? ಬಿಸಿ ಆಗಲೇ ಒಳಗೆ ಬಂದಿರುತ್ತದೆ.

ಈ ಏಪ್ರಿಲ್‌ನಲ್ಲಿ ಮಗು ಒಂದು ರಾತ್ರಿಯೂ ಕೆಳಗೆ ಬರಲಿಲ್ಲ. ಈಗ ಮಧ್ಯಾಹ್ನ ಅವ್ವನೇ ಮೇಲೆ ಹೋಗಿ ಮೊಮ್ಮಗಳ ಪಕ್ಕ ಒಂದು ಗಂಟೆ ಅಡ್ಡಾಗುತ್ತಾಳೆ. ಏಸಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಫೋಮಿನ ಖರ್ಚು ಮುಗಿಯಿತು.

ನಮ್ಮ ಸಾಲಿನಲ್ಲಿ ಮಗ್ಗದ ಮನೆಯೊಂದಿದೆ. ಅವರದು ತಗಡಿನ ಮಾಡು. ನಮ್ಮ ಮಾಳಿಗೆ ನೋಡಿ ಹೋದ ಮೇಲೆ ಅವರೂ ಕೇಳುತ್ತಿದ್ದಾರೆ. ತಗಡಿಗೆ ಸುಣ್ಣ ನಿಲ್ಲುವುದಿಲ್ಲ, ಬಿಸಿಲಿಗೆ ಹಿಗ್ಗಿ ಕುಗ್ಗಿ ಉದುರಿಬಿಡುತ್ತದೆ. ಅದಕ್ಕೆ ತಗಡಿಗೆಂದೇ ಬರುವ ಬಿಳಿ ಬಣ್ಣ ಬೇಕು. ಮಾಡಿನ ಎತ್ತರದ ಕಡೆ ಬಿಸಿ ಗಾಳಿ ಹೊರಹೋಗಲು ಸಂದಿ ಬಿಡಬೇಕು. ಹೊಳೆಯುವ ತಗಡಿನ ಮೇಲೆ ಗನ್ ತಪ್ಪು ತೋರಿಸುತ್ತದೆ, ಹಾಗಾಗಿ ಒಂದು ಕಡೆ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಬೇಕು. ಟೇಪ್ ಅಂಟಿಸಿ ಬಂದಿದ್ದೇನೆ. ಮುಂದಿನ ಭಾನುವಾರ ಮಧ್ಯಾಹ್ನ 2ಕ್ಕೆ ಅಲ್ಲಿ ಮೊದಲ ಅಳತೆ.